ವಿಭಾಗಕ್ಕೊಂದು ಡೊಮೇನ್ ಬೇಡ: ವಿಶ್ವವಿದ್ಯಾಲಯದ ಲಾಗಿನ್ ಹಿಂದಿನ ಏರ್ಪಾಟು

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿ ಖಾಲಿ ಇದ್ದ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಹೆಸರು, ಪಾಸ್‌ವರ್ಡ್ ಹಾಕುತ್ತಾನೆ, ಕೆಲಸ ಶುರು ಮಾಡುತ್ತಾನೆ. ನಾಳೆ ಲೈಬ್ರರಿಯ ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್ ನಡೆಯುತ್ತದೆ. ಅವನ ಫೈಲುಗಳೂ ಅಲ್ಲೇ ಸಿಗುತ್ತವೆ. ಹಣಕಾಸು ವಿಭಾಗದ ಕಂಪ್ಯೂಟರಿನಲ್ಲಿ ಮಾತ್ರ ಅವನ ಆಟ ನಡೆಯುವುದಿಲ್ಲ. ನೋಡಲು ಸರಳ. ಹಿಂದಿರುವ ಏರ್ಪಾಟು ಅಷ್ಟು ಸರಳವಲ್ಲ. ಅದನ್ನು ಮೊದಲೇ ಯೋಚಿಸಿ ಹಾಕಿದರೆ ಬಹಳ ವರ್ಷ ನೆಮ್ಮದಿ. ಯಾರೋ ಹೇಳಿದರು ಅಂತ ಸುಮ್ನೆ ಹಾಕಿದರೆ ಪ್ರತಿ ಅಡ್ಮಿಷನ್ ಸೀಸನ್‌ನಲ್ಲೂ ಒದ್ದಾಟ.

ಮಾತಾಡಲು ಒಂದು ನಕ್ಷೆ ಬೇಕು. ನಮ್ಮ ಕಡೆಯದ್ದನ್ನೇ ತೆಗೆದುಕೊಳ್ಳೋಣ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಶುರುವಾಯಿತು. ಮುಖ್ಯ ಕ್ಯಾಂಪಸ್ ತೋಳಹುಣಸೆಯ ಶಿವಗಂಗೋತ್ರಿ. ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರ. ದೃಶ್ಯಕಲಾ ಮಹಾವಿದ್ಯಾಲಯ ದಾವಣಗೆರೆ ಊರೊಳಗೆ. ಇವುಗಳ ಜೊತೆ ಎರಡು ಜಿಲ್ಲೆಯ ಸಂಯೋಜಿತ ಕಾಲೇಜುಗಳು. ಈ ವಿಶ್ವವಿದ್ಯಾಲಯದ ಒಳಗಿನ ನೆಟ್‌ವರ್ಕ್ ಹೇಗಿದೆ ಅನ್ನುವುದು ಇಲ್ಲಿನ ವಿಷಯ ಅಲ್ಲ. ಇಂಥದೇ ಆಕಾರದ ಒಂದು ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಡೊಮೇನ್, ಅಂದರೆ ಎಲ್ಲರ ಖಾತೆಗಳನ್ನೂ ಒಂದೇ ಕಡೆ ಇಡುವ ಏರ್ಪಾಟು, ಹಾಕಬೇಕಾದರೆ ಹೇಗೆ ಯೋಚಿಸಬೇಕು, ಅದಷ್ಟೇ.

ಡೊಮೇನ್ ಇಲ್ಲದಿದ್ದರೆ ಏನಾಗುತ್ತದೆ, ಅಲ್ಲಿಂದ ಶುರು ಮಾಡೋಣ. ಪ್ರತಿ ಕಂಪ್ಯೂಟರಿಗೂ ತನ್ನದೇ ಒಂದು ಖಾತೆ ಪುಸ್ತಕ ಇರುತ್ತದೆ. ಈ ಕಂಪ್ಯೂಟರಿನಲ್ಲಿರುವ ಹೆಸರು ಪಕ್ಕದ ಕಂಪ್ಯೂಟರಿಗೆ ಗೊತ್ತಿಲ್ಲ. 60 ಕಂಪ್ಯೂಟರಿನ ಲ್ಯಾಬು, 400 ವಿದ್ಯಾರ್ಥಿಗಳು ಅಂದುಕೊಳ್ಳಿ. ಯಾರು ಎಲ್ಲಿ ಬೇಕಾದರೂ ಕೂರಬಹುದು ಅಂದರೆ 24,000 ಖಾತೆ ತೆರೆಯಬೇಕು. ಯಾರೂ ತೆರೆಯುವುದಿಲ್ಲ ಬಿಡಿ. ಎಲ್ಲ ಕಂಪ್ಯೂಟರಿಗೂ 'ಸ್ಟೂಡೆಂಟ್' ಅಂತ ಒಂದೇ ಹೆಸರು, '12345' ಅಂತ ಒಂದೇ ಪಾಸ್‌ವರ್ಡ್ ಇಟ್ಟು ಗೋಡೆಗೆ ಚೀಟಿ ಅಂಟಿಸುತ್ತಾರೆ. ಯಾರಾದರೂ ಕಿತಾಪತಿ ಮಾಡಿದರೆ ಮಾಡಿದ್ದು ಯಾರು ಅಂತ ಹೇಳುವ ದಾರಿಯೇ ಇಲ್ಲ.

ಡೊಮೇನ್ ಅಂದರೆ ಈ ಪುಸ್ತಕಗಳನ್ನೆಲ್ಲ ಒಂದು ಕಡೆ ತರುವುದು. ವಿಂಡೋಸ್ ಲೋಕದಲ್ಲಿ ಇದಕ್ಕೆ ಆ್ಯಕ್ಟಿವ್ ಡೈರೆಕ್ಟರಿ ಅಂತ ಹೆಸರು. 2000ನೇ ಇಸವಿಯಲ್ಲಿ ವಿಂಡೋಸ್ 2000 ಜೊತೆ ಬಂತು. ಪುಸ್ತಕ ಇಟ್ಟುಕೊಂಡ ಸರ್ವರ್‌ಗೆ ಡೊಮೇನ್ ಕಂಟ್ರೋಲರ್, ಚಿಕ್ಕದಾಗಿ ಡಿಸಿ. (ಜಿಲ್ಲಾ ಕೇಂದ್ರದಲ್ಲಿ ಈ ಮಾತಾಡಿದರೆ ಪಕ್ಕದವರು ಜಿಲ್ಲಾಧಿಕಾರಿ ಅಂದುಕೊಳ್ಳುವುದೂ ಉಂಟು.) ಡಿಸಿ ಒಂದೇ ಇದ್ದರೆ ಅದು ಕೆಟ್ಟ ದಿನ ಇಡೀ ಕ್ಯಾಂಪಸ್ ನಿಲ್ಲುತ್ತದೆ. ಹಾಗಾಗಿ ಕಡಿಮೆ ಅಂದರೆ ಎರಡು ಇರಬೇಕು. ಎರಡರಲ್ಲೂ ಅದೇ ಪುಸ್ತಕ, ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಾನಾಗಿಯೇ ಹೋಗುತ್ತದೆ.

ಆ ಪುಸ್ತಕದಲ್ಲಿ ಜನರಿಗೆ ಖಾತೆ ಇರುವುದು ಎಲ್ಲರಿಗೂ ಗೊತ್ತು. ಕಂಪ್ಯೂಟರಿಗೂ ಒಂದು ಖಾತೆ ಇರುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಈ ಲೇಖನದ ತಿರುಳು ಇರುವುದೇ ಅಲ್ಲಿ.

ಕಂಪ್ಯೂಟರ್ ಕೂಡ ಲಾಗಿನ್ ಆಗುತ್ತದೆ

ಬೆಳಿಗ್ಗೆ ಲ್ಯಾಬ್ ಅಟೆಂಡರ್ ಬಂದು ಮೇನ್ ಸ್ವಿಚ್ ಹಾಕುತ್ತಾರೆ. ಕಂಪ್ಯೂಟರುಗಳು ಆನ್ ಆಗುತ್ತವೆ. ವಿದ್ಯಾರ್ಥಿಗಳು ಇನ್ನೂ ಬಂದಿಲ್ಲ. ಆದರೆ ಅಷ್ಟರಲ್ಲೇ ಒಂದು ಲಾಗಿನ್ ಆಗಿ ಹೋಗಿರುತ್ತದೆ. ಅದು ಕಂಪ್ಯೂಟರಿನದೇ.

ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಸರ್ವರ್‌ಗೆ ಡಿಎನ್‌ಎಸ್ ಅಂತಾರೆ. ಕಂಪ್ಯೂಟರ್ ಮೊದಲು ಆ ಡಿಎನ್‌ಎಸ್ ಸರ್ವರ್‌ಗೆ "ಈ ಡೊಮೇನಿನ ಡಿಸಿ ಎಲ್ಲಿದೆ?" ಅಂತ ಕೇಳುತ್ತದೆ. ಉತ್ತರ ಬಂದ ಮೇಲೆ ಆ ಡಿಸಿಯ ಹತ್ತಿರ ಹೋಗಿ ತನ್ನ ಹೆಸರು ಹೇಳುತ್ತದೆ, ತನ್ನ ಪಾಸ್‌ವರ್ಡ್ ತನಗೆ ಗೊತ್ತಿದೆ ಅಂತ ಸಾಬೀತು ಮಾಡುತ್ತದೆ. ಈ ಪಾಸ್‌ವರ್ಡನ್ನು ಯಾವ ಮನುಷ್ಯನೂ ಇಟ್ಟಿದ್ದಲ್ಲ. ಉದ್ದನೆಯ, ಗೊತ್ತುಗುರಿ ಇಲ್ಲದ ಅಕ್ಷರಗಳ ಸಾಲು ಅದು. ಡೊಮೇನಿಗೆ ಸೇರಿಸಿದ ದಿನ ಹುಟ್ಟುತ್ತದೆ. ಆಮೇಲೆ ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಕಂಪ್ಯೂಟರೇ ಅದನ್ನು ಬದಲಿಸಿ ಡಿಸಿಗೆ ತಿಳಿಸುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ಏನೂ ಮಾಡಬೇಕಾಗಿಲ್ಲ.

ಇದು ಗೊತ್ತಿಲ್ಲದ್ದಕ್ಕೇ ಒಂದು ಸಮಸ್ಯೆ ಕಾಲೇಜು ಲ್ಯಾಬುಗಳಲ್ಲಿ ಮತ್ತೆ ಮತ್ತೆ ತಲೆ ಎತ್ತುತ್ತದೆ. ವಿದ್ಯಾರ್ಥಿಗಳು ಏನೇನೋ ಹಾಕಿ ಕೆಡಿಸುತ್ತಾರೆ ಅಂತ ಲ್ಯಾಬಿನವರು ಕಂಪ್ಯೂಟರನ್ನು 'ಫ್ರೀಜ್' ಮಾಡಿ ಇಡುತ್ತಾರೆ. ರೀಸ್ಟಾರ್ಟ್ ಆದಾಗಲೆಲ್ಲ ಅದು ಮೊದಲಿನ ಸ್ಥಿತಿಗೆ ಹೋಗುತ್ತದೆ. ಒಳ್ಳೆಯ ಉಪಾಯವೇ. ಒಂದಷ್ಟು ದಿನ ಎಲ್ಲ ಸರಿ ಇರುತ್ತದೆ. ಆಮೇಲೆ ಒಂದು ಬೆಳಿಗ್ಗೆ, ಡೊಮೇನಿನ ಜೊತೆಗಿನ ನಂಬಿಕೆಯ ಸಂಬಂಧ ಕಡಿದುಹೋಗಿದೆ ಅನ್ನುವ ಅರ್ಥದ ಒಂದು ಸಂದೇಶ ಪರದೆ ಮೇಲೆ ಬರುತ್ತದೆ. ವಿದ್ಯಾರ್ಥಿಯ ಪಾಸ್‌ವರ್ಡ್ ಸರಿ ಇದೆ. ಕೇಬಲ್ ಸರಿ ಇದೆ. ಪಕ್ಕದ ಕಂಪ್ಯೂಟರ್ ಚೆನ್ನಾಗೇ ನಡೆಯುತ್ತಿದೆ. ಹಾಗಾದರೆ ಆಗಿದ್ದೇನು? ನಡುವೆ ಯಾವಾಗಲೋ ಕಂಪ್ಯೂಟರ್ ತನ್ನ ಪಾಸ್‌ವರ್ಡ್ ಬದಲಿಸಿತು. ಡಿಸಿ ಹೊಸದನ್ನು ಬರೆದುಕೊಂಡಿತು. ರೀಸ್ಟಾರ್ಟ್ ಆದ ಮೇಲೆ ಕಂಪ್ಯೂಟರ್ ಫ್ರೀಜ್ ಮಾಡಿದ ದಿನಕ್ಕೆ ವಾಪಸ್ ಹೋಯಿತು, ಅದರ ಜೊತೆ ಪಾಸ್‌ವರ್ಡೂ ಹಳೆಯದಾಯಿತು. ಈಗ ಡಿಸಿ ಅದನ್ನು ನಂಬುವುದಿಲ್ಲ.

ಇದಕ್ಕೆ ಹೆಚ್ಚಿನವರು ಮಾಡುವ ಮದ್ದು, ಕಂಪ್ಯೂಟರನ್ನು ಡೊಮೇನಿನಿಂದ ತೆಗೆದು ಮತ್ತೆ ಸೇರಿಸುವುದು. ಕೆಲಸ ಆಗುತ್ತದೆ, ಸಮಯ ಹಾಳು. ವಿಂಡೋಸ್‌ನಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ಒಂದೇ ಸಾಲಿನ ಆಜ್ಞೆಯಿಂದ ಆ ಸಂಬಂಧವನ್ನು ಸರಿಮಾಡಬಹುದು. ಅದಕ್ಕಿಂತ ಒಳ್ಳೆಯದು, ಫ್ರೀಜ್ ಮಾಡುವ ಲ್ಯಾಬುಗಳಿಗೆ ಮಾತ್ರ ಕಂಪ್ಯೂಟರ್ ಪಾಸ್‌ವರ್ಡ್ ತಾನಾಗಿ ಬದಲಾಗುವುದನ್ನು ಪಾಲಿಸಿಯಿಂದ (ಡೊಮೇನಿನಿಂದ ಕಂಪ್ಯೂಟರುಗಳಿಗೆ ಹೋಗುವ ನಿಯಮದಿಂದ) ನಿಲ್ಲಿಸುವುದು. ಆದರೆ 'ಆ ಲ್ಯಾಬುಗಳಿಗೆ ಮಾತ್ರ' ಅಂತ ಹೇಳಲು ಆ ಕಂಪ್ಯೂಟರುಗಳು ಪುಸ್ತಕದಲ್ಲಿ ಒಂದೇ ಕಡೆ ಇರಬೇಕಲ್ವಾ? ಜೋಡಣೆ ಮುಖ್ಯವಾಗುವುದು ಇಲ್ಲೇ.

ಕಂಪ್ಯೂಟರ್ ಆದ ಮೇಲೆ ವಿದ್ಯಾರ್ಥಿಯ ಸರದಿ. ಅವನು ಪಾಸ್‌ವರ್ಡ್ ಹಾಕಿದಾಗ ಆ ಪಾಸ್‌ವರ್ಡ್ ನೆಟ್‌ವರ್ಕ್ ಮೇಲೆ ಹೋಗುವುದೇ ಇಲ್ಲ. ಅದರಿಂದ ಒಂದು ಕೀಲಿ ತಯಾರಾಗುತ್ತದೆ. ಕಂಪ್ಯೂಟರ್ ಆ ಕೀಲಿಯಿಂದ ಈಗಿನ ಸಮಯವನ್ನು ಗೂಢಲಿಪಿ ಮಾಡಿ ಡಿಸಿಗೆ ಕಳಿಸುತ್ತದೆ. ಡಿಸಿ ತನ್ನ ಹತ್ತಿರ ಇರುವ ಕೀಲಿಯಿಂದ ಬಿಚ್ಚಿ ನೋಡುತ್ತದೆ. ಸರಿ ಹೋದರೆ ಒಂದು ಟಿಕೆಟ್ ಕೊಡುತ್ತದೆ. ಈ ಪದ್ಧತಿಗೆ ಕೆರ್ಬರೋಸ್ ಅಂತ ಹೆಸರು. ಇದು ಮೈಕ್ರೋಸಾಫ್ಟ್‌ನದಲ್ಲ. ಅಮೆರಿಕದ ಎಂಐಟಿಯಲ್ಲಿ, 1983ರಲ್ಲಿ ಶುರುವಾದ ಅಥೀನಾ ಅನ್ನುವ ಯೋಜನೆಯಲ್ಲಿ ಹುಟ್ಟಿದ್ದು. ಅಂದರೆ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗಾಗಿಯೇ ಹುಟ್ಟಿದ್ದು. ಟಿಕೆಟ್ ಸಾಮಾನ್ಯವಾಗಿ 10 ಗಂಟೆ ನಡೆಯುತ್ತದೆ. ಅಲ್ಲಿಯವರೆಗೆ ಫೈಲ್ ಸರ್ವರ್, ಪ್ರಿಂಟರ್ ಯಾವುದೂ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಎಪಿಎಂಸಿ ಗೇಟಿನಲ್ಲಿ ಚೀಟಿ ಬರೆಸಿಕೊಂಡು ಬಂದ ಮೆಕ್ಕೆಜೋಳದ ಲಾರಿಯನ್ನು ಒಳಗೆ ಒಬ್ಬೊಬ್ಬರೂ ಹೊಸದಾಗಿ ವಿಚಾರಿಸುತ್ತಾರಾ? ಚೀಟಿ ನೋಡಿ ಒಳಗೆ ಬಿಡುತ್ತಾರೆ, ಹಾಗೆ.

ಸಮಯದ ಮೇಲೆ ನಿಂತ ಪದ್ಧತಿ ಆದ್ದರಿಂದ ಗಡಿಯಾರ ಸರಿ ಇರಬೇಕು. ಕಂಪ್ಯೂಟರಿಗೂ ಡಿಸಿಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅನ್ನುವುದು ಸಾಮಾನ್ಯ ನಿಯಮ. ಡೊಮೇನಿಗೆ ಸೇರಿದ ಕಂಪ್ಯೂಟರ್ ಡಿಸಿಯನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತದೆ, ನಿಜ. ಆದರೆ ಹಳೆ ಕಂಪ್ಯೂಟರಿನ ಮದರ್‌ಬೋರ್ಡಿನ ಸೆಲ್ ಹೋಗಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಅದರ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಲಾಗಿನ್ ಆಗಲ್ಲ ಅಂತ ದೂರು ಬಂದಾಗ ಪಾಸ್‌ವರ್ಡ್ ಬದಲಿಸುವ ಮೊದಲು ಪರದೆಯ ಮೂಲೆಯಲ್ಲಿರುವ ತಾರೀಖು ನೋಡಿ.

ಇನ್ನೊಂದು ಎಡವಟ್ಟು ಡಿಎನ್‌ಎಸ್‌ನದು. ಇಂಟರ್ನೆಟ್ ನಿಧಾನ ಅಂತ ಯಾರೋ ಬುದ್ಧಿವಂತರು ಲ್ಯಾಬಿನ ಕಂಪ್ಯೂಟರುಗಳಿಗೆ ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿಬಿಡುತ್ತಾರೆ. ಅದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಶಿವಗಂಗೋತ್ರಿಯಲ್ಲಿ ಡಿಸಿ ಎಲ್ಲಿದೆ ಅಂತ ಗೂಗಲ್‌ಗೆ ಏನು ಗೊತ್ತು? ಯೂಟ್ಯೂಬ್ ಚೆನ್ನಾಗಿ ಬರುತ್ತದೆ, ಡೊಮೇನ್ ಮಾತ್ರ ಸಿಗುವುದಿಲ್ಲ. ಕಂಪ್ಯೂಟರುಗಳು ಕ್ಯಾಂಪಸ್ಸಿನ ಒಳಗಿನ ಡಿಎನ್‌ಎಸ್ ಅನ್ನೇ ಕೇಳಬೇಕು. ಹೊರಗಿನದನ್ನು ಆ ಸರ್ವರ್ ಮುಂದೆ ಕೇಳಿಕೊಳ್ಳುತ್ತದೆ.

ವಿಭಾಗಕ್ಕೊಂದು ಡೊಮೇನ್ ಎಂಬ ಹಳೆ ಚಾಳಿ

ಈಗ ಮುಖ್ಯ ಪ್ರಶ್ನೆ. ಒಂದೇ ಡೊಮೇನ್ ಸಾಕಾ? ಕಂಪ್ಯೂಟರ್ ಸೈನ್ಸ್‌ಗೆ ಒಂದು, ಎಂಬಿಎಗೆ ಒಂದು, ಆಡಳಿತಕ್ಕೆ ಒಂದು, ಚಿತ್ರದುರ್ಗಕ್ಕೆ ಒಂದು ಮಾಡಿದರೆ ಅಚ್ಚುಕಟ್ಟಲ್ವಾ? ಮೀಟಿಂಗಿನಲ್ಲಿ ಈ ಸಲಹೆ ಬಂದೇ ಬರುತ್ತದೆ. ಪ್ರತಿ ವಿಭಾಗಕ್ಕೂ ತನ್ನದೇ ರಾಜ್ಯ ಬೇಕು ಅನಿಸುವುದು ಸಹಜ.

ಒಂದು ಕಾಲಕ್ಕೆ ಹಾಗೆ ಮಾಡದೆ ವಿಧಿ ಇರಲಿಲ್ಲ. 1996ರ ವಿಂಡೋಸ್ ಎನ್‌ಟಿ 4.0 ಕಾಲದಲ್ಲಿ ಒಂದು ಡೊಮೇನಿನ ಖಾತೆ ಪುಸ್ತಕ ಸುಮಾರು 40 ಎಂಬಿ ದಾಟಬಾರದು ಅನ್ನುವ ಶಿಫಾರಸು ಇತ್ತು. ಬರೆಯಲು ಬರುವ ಡಿಸಿ ಒಂದೇ, ಉಳಿದವು ಅದರ ನಕಲು. ಡೊಮೇನಿನ ಒಳಗೆ ಅಧಿಕಾರ ಹಂಚುವ ಅನುಕೂಲ ಇರಲಿಲ್ಲ. ಒಂದು ಲ್ಯಾಬಿನ ಜವಾಬ್ದಾರಿ ಕೊಡಬೇಕು ಅಂದರೂ ಹೆಚ್ಚು ಕಡಿಮೆ ಇಡೀ ಡೊಮೇನ್ ಕೈಗೆ ಕೊಟ್ಟ ಹಾಗೆ. ಅದಕ್ಕೇ ದೊಡ್ಡ ಸಂಸ್ಥೆಗಳು, ಹೊರದೇಶದ ವಿಶ್ವವಿದ್ಯಾಲಯಗಳು ಒಂದು ದಾರಿ ಹುಡುಕಿಕೊಂಡವು. ಜನರ ಖಾತೆಗಳಿಗೆ ಒಂದು ಡೊಮೇನ್. ಕಂಪ್ಯೂಟರುಗಳಿಗೆ, ಪ್ರಿಂಟರುಗಳಿಗೆ ವಿಭಾಗವಾರು ಬೇರೆ ಡೊಮೇನುಗಳು. ಕಂಪ್ಯೂಟರ್ ಡೊಮೇನ್ ಜನರ ಡೊಮೇನನ್ನು ನಂಬುತ್ತದೆ, ಜನರ ಡೊಮೇನ್ ಇದನ್ನು ನಂಬಬೇಕಿಲ್ಲ. ಅಂದರೆ ಏಕಮುಖ ನಂಬಿಕೆ. ವಿದ್ಯಾರ್ಥಿ ಎಲ್ಲಿ ಕೂತರೂ ಅವನು ಯಾರು ಅಂತ ಹೇಳುವುದು ಮಧ್ಯದ ಡೊಮೇನ್. ಅವನಿಗೆ ಈ ಕಂಪ್ಯೂಟರ್ ಬಿಟ್ಟುಕೊಡಬೇಕಾ ಅಂತ ತೀರ್ಮಾನಿಸುವುದು ವಿಭಾಗದ ಡೊಮೇನ್.

ಆ ಯೋಚನೆ ಇವತ್ತಿಗೂ ಸರಿ. ಆದರೆ ಅದಕ್ಕಾಗಿ ಬೇರೆ ಬೇರೆ ಡೊಮೇನ್ ಕಟ್ಟಬೇಕಾಗಿಲ್ಲ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಒಂದು ಡೊಮೇನ್ ಲಕ್ಷಗಟ್ಟಲೆ ಖಾತೆ ಹೊರುತ್ತದೆ. ಅದರೊಳಗೆ ಫೋಲ್ಡರಿನ ಹಾಗೆ ವಿಂಗಡಣೆ ಮಾಡಬಹುದು, ಅದಕ್ಕೆ ಓಯು ಅಂತಾರೆ. ಒಂದೊಂದು ಓಯುವಿನ ಅಧಿಕಾರವನ್ನು ಬೇರೆ ಬೇರೆಯವರಿಗೆ, ಎಷ್ಟು ಬೇಕೋ ಅಷ್ಟೇ ಕೊಡಬಹುದು. ಚಿತ್ರದುರ್ಗದ ಲ್ಯಾಬ್ ನೋಡಿಕೊಳ್ಳುವವರಿಗೆ ಅಲ್ಲಿನ ವಿದ್ಯಾರ್ಥಿಗಳ ಪಾಸ್‌ವರ್ಡ್ ರೀಸೆಟ್ ಮಾಡುವ ಅಧಿಕಾರ ಮಾತ್ರ, ಬೇರೆ ಏನೂ ಇಲ್ಲ. ಇದು ಸಾಧ್ಯ.

ಆ್ಯಕ್ಟಿವ್ ಡೈರೆಕ್ಟರಿ ಬಂದ ಮೇಲೂ ಕೆಲವು ವರ್ಷ ಒಂದು ಕೊರತೆ ಉಳಿದಿತ್ತು. ಒಂದು ಡೊಮೇನಿಗೆ ಒಂದೇ ಪಾಸ್‌ವರ್ಡ್ ನಿಯಮ. ಹಣಕಾಸಿನವರಿಗೆ ಉದ್ದದ ಪಾಸ್‌ವರ್ಡ್, ವಿದ್ಯಾರ್ಥಿಗಳಿಗೆ ಸ್ವಲ್ಪ ಸಡಿಲ ಅಂದರೆ ಎರಡು ಡೊಮೇನ್ ಮಾಡಬೇಕಿತ್ತು. ವಿಂಡೋಸ್ ಸರ್ವರ್ 2008 ಬಂದಾಗ ಆ ಕಾರಣವೂ ಹೋಯಿತು, ಗುಂಪಿನ ಪ್ರಕಾರ ಬೇರೆ ನಿಯಮ ಇಡಬಹುದು. ಹಳೆಯ ದೊಡ್ಡ ವಿಶ್ವವಿದ್ಯಾಲಯಗಳ ನಕ್ಷೆ ನೋಡಿದರೆ ಐದಾರು ಡೊಮೇನ್ ಕಾಣಬಹುದು. ಅದು ಇತಿಹಾಸದ ಭಾರ, ನಾವು ಇವತ್ತು ಅದನ್ನು ನಕಲು ಮಾಡಬೇಕಾಗಿಲ್ಲ. ಪ್ರತಿ ಹೆಚ್ಚಿನ ಡೊಮೇನಿಗೂ ಮತ್ತೆ ಎರಡು ಡಿಸಿ, ಮತ್ತೆ ಬ್ಯಾಕಪ್, ಮತ್ತೆ ಅಪ್‌ಡೇಟ್. ನೋಡಿಕೊಳ್ಳುವ ಹುಡುಗ ಮಾತ್ರ ಒಬ್ಬನೇ, ಅವನೂ ಗುತ್ತಿಗೆ ಮೇಲೆ.

ಹಾಗಾದರೆ ಬೇರೆ ಮಾಡಬೇಕಾದ್ದು ಯಾವಾಗ? ಆಡಳಿತವೇ ಬೇರೆ ಇದ್ದಾಗ. ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ದಾವಣಗೆರೆ ಊರೊಳಗೇ ಇದೆ, ಆದರೆ ಅದು ಬೆಳಗಾವಿಯ ವಿಟಿಯುಗೆ ಸೇರಿದ್ದು. ಚಿತ್ರದುರ್ಗದ ಜ್ಞಾನಗಂಗೋತ್ರಿ ಸುಮಾರು 60 ಕಿಲೋಮೀಟರ್ ದೂರ, ಆದರೆ ನಮ್ಮದೇ. ಹಾಗಾಗಿ ದೂರದ್ದು ಒಂದೇ ಡೊಮೇನಿನಲ್ಲಿ ಇರಬೇಕು, ಹತ್ತಿರದ್ದು ಬೇರೆ ಇರಬೇಕು. ಬರೀ ಬೇರೆ ಡೊಮೇನ್ ಅಲ್ಲ, ಬೇರೆ ಫಾರೆಸ್ಟ್. ಡೊಮೇನುಗಳ ಕುಟುಂಬಕ್ಕೆ ಫಾರೆಸ್ಟ್ ಅಂತಾರೆ. ಭದ್ರತೆಯ ನಿಜವಾದ ಗೋಡೆ ಇರುವುದು ಫಾರೆಸ್ಟ್‌ಗಳ ನಡುವೆ. ಒಂದೇ ಫಾರೆಸ್ಟ್‌ನ ಒಳಗೆ ಎಷ್ಟು ಡೊಮೇನ್ ಮಾಡಿದರೂ ಒಂದರ ದೊಡ್ಡ ಅಡ್ಮಿನ್ ಮನಸ್ಸು ಮಾಡಿದರೆ ಇನ್ನೊಂದಕ್ಕೆ ಕೈ ಹಾಕಬಹುದು. ಸಂಯೋಜಿತ ಕಾಲೇಜುಗಳದ್ದೂ ಇದೇ ಲೆಕ್ಕ. ಪರೀಕ್ಷೆ ನಮ್ಮದು, ಆದರೆ ಕಾಲೇಜಿನ ಕಂಪ್ಯೂಟರ್ ಆ ಕಾಲೇಜಿನದು. ಅವು ಈ ಡೊಮೇನಿಗೆ ಬರುವುದು ಬೇಡ.

ಪ್ರಶ್ನೆಪತ್ರಿಕೆ ತಯಾರಾಗುವ ಕಂಪ್ಯೂಟರುಗಳ ಬಗ್ಗೆ ನನ್ನದು ಖಡಕ್ ಅಭಿಪ್ರಾಯ: ಅವು ಯಾವ ಡೊಮೇನಿಗೂ ಸೇರಬಾರದು. ಡೊಮೇನಿಗೆ ಸೇರಿದ ಕ್ಷಣ ಡೊಮೇನ್ ಅಡ್ಮಿನ್‌ಗೆ ಆ ಕಂಪ್ಯೂಟರಿನ ಒಳಗೆ ಪೂರ್ತಿ ಪ್ರವೇಶ ಸಿಗುತ್ತದೆ. ಅಡ್ಮಿನ್ ದೇವರಂಥವರೇ ಇರಬಹುದು, ಅವರ ಪಾಸ್‌ವರ್ಡ್ ಕದಿಯುವವನು ಹಾಗಿರಬೇಕಲ್ಲ.

ಜನ ಒಂದು ಮರ, ಕಂಪ್ಯೂಟರ್ ಇನ್ನೊಂದು ಮರ

ಒಂದೇ ಡೊಮೇನ್ ಅಂತ ತೀರ್ಮಾನ ಆಯಿತು. ಅದರೊಳಗೆ ಓಯುಗಳನ್ನು ಹೇಗೆ ಕಟ್ಟಬೇಕು? ಮೊದಲು ಕೈ ಹೋಗುವುದು ವಿಭಾಗಗಳ ಕಡೆಗೆ. ರಸಾಯನಶಾಸ್ತ್ರ ಅಂತ ಒಂದು ಓಯು, ಅದರಲ್ಲಿ ಆ ವಿಭಾಗದ ಮೇಷ್ಟ್ರು, ವಿದ್ಯಾರ್ಥಿಗಳು, ಕಂಪ್ಯೂಟರುಗಳು ಎಲ್ಲ ಒಟ್ಟಿಗೆ. ಇದು ಬೇಡ. ಜನ ಓಡಾಡುತ್ತಾರೆ, ಕಂಪ್ಯೂಟರ್ ಇದ್ದಲ್ಲೇ ಇರುತ್ತದೆ. ಎರಡರ ಆಯಸ್ಸೂ ಬೇರೆ, ಎರಡನ್ನೂ ನೋಡಿಕೊಳ್ಳುವವರೂ ಬೇರೆ.

ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವ ಒಬ್ಬರನ್ನು ನೋಡಿ. ಅವರೇ ಚಿತ್ರದುರ್ಗದಲ್ಲಿ ವಾರಕ್ಕೆ ಎರಡು ದಿನ ಅತಿಥಿ ಉಪನ್ಯಾಸಕರು. ಹಾಸ್ಟೆಲ್ ಕಚೇರಿಯ ಕೆಲಸದಲ್ಲೂ ಕೈ ಜೋಡಿಸಿದ್ದಾರೆ. ಅವರನ್ನು ಯಾವ ಓಯುವಿನಲ್ಲಿ ಇಡುತ್ತೀರಿ? ಒಂದು ಖಾತೆ ಒಂದೇ ಓಯುವಿನಲ್ಲಿ ಇರಲು ಸಾಧ್ಯ. ಗುಂಪುಗಳಲ್ಲಿ ಮಾತ್ರ ಎಷ್ಟರಲ್ಲಿ ಬೇಕಾದರೂ ಇರಬಹುದು. ಉತ್ತರ ಅಲ್ಲೇ ಇದೆ. ಓಯುವನ್ನು ಅವರ ಮೂಲ ಸ್ಥಾನದ ಪ್ರಕಾರ ಇಡಿ: ವಿದ್ಯಾರ್ಥಿ, ಕಾಯಂ ಸಿಬ್ಬಂದಿ, ತಾತ್ಕಾಲಿಕ ಸಿಬ್ಬಂದಿ, ಹೊರಗಿನವರು. ವಿದ್ಯಾರ್ಥಿಗಳನ್ನು ಸೇರಿದ ವರ್ಷದ ಪ್ರಕಾರ ಒಡೆದರೆ ಕೋರ್ಸ್ ಮುಗಿದಾಗ ಇಡೀ ಬ್ಯಾಚನ್ನು ಒಟ್ಟಿಗೆ ನೋಡಬಹುದು. ವಿಭಾಗ, ಕೋರ್ಸು, ಸಮಿತಿ ಇವೆಲ್ಲ ಗುಂಪುಗಳು. ಫೈಲ್ ಸರ್ವರಿನ ಫೋಲ್ಡರಿಗೆ ಅನುಮತಿ ಕೊಡುವಾಗ ಒಬ್ಬೊಬ್ಬರ ಹೆಸರಿಗೆ ಕೊಡಬೇಡಿ, ಗುಂಪಿಗೆ ಕೊಡಿ. ಅವರು ಹಾಸ್ಟೆಲ್ ಕೆಲಸ ಬಿಟ್ಟ ದಿನ ಒಂದು ಗುಂಪಿನಿಂದ ಹೆಸರು ತೆಗೆದರೆ ಮುಗಿಯಿತು.

ಕಂಪ್ಯೂಟರುಗಳನ್ನು ಜಾಗದ ಪ್ರಕಾರ, ಕೆಲಸದ ಪ್ರಕಾರ ಇಡಿ. ಕ್ಯಾಂಪಸ್, ಆಮೇಲೆ ಬಳಕೆ: ಬೋಧನೆಯ ಲ್ಯಾಬು, ಕಚೇರಿ, ಲೈಬ್ರರಿ, ಸಿಬ್ಬಂದಿಯ ಲ್ಯಾಪ್‌ಟಾಪು. ಹೆಸರಿನಲ್ಲೇ ಜಾಗ ಗೊತ್ತಾಗುವ ಹಾಗೆ ಇಡುವುದು ಒಳ್ಳೆಯದು. ಶಿವಗಂಗೋತ್ರಿಗೆ ಎಸ್‌ಜಿ, ಆಮೇಲೆ ಲ್ಯಾಬಿನ ನಂಬರ್, ಆಮೇಲೆ ಸೀಟಿನ ನಂಬರ್. ಕಂಪ್ಯೂಟರ್ ಹೆಸರು 15 ಅಕ್ಷರ ಮೀರಬಾರದು, ಹಾಗಾಗಿ ಚಿಕ್ಕದಾಗಿ ಇಡಬೇಕು. ದೂರು ಬಂದಾಗ "ಆ ಕಿಟಕಿ ಪಕ್ಕದ್ದು ಸಾರ್" ಅನ್ನುವ ಬದಲು ಹೆಸರು ಹೇಳಿದರೆ ಸಾಕು.

ಹೊಸ ಕಂಪ್ಯೂಟರ್ ಸೇರಿಸಿದಾಗ ಅದು ತಾನಾಗಿ ಹೋಗಿ ಬೀಳುವುದು ಒಂದು ಸಾಮಾನ್ಯ ಡಬ್ಬಕ್ಕೆ. ಆ ಡಬ್ಬ ಓಯು ಅಲ್ಲ, ಅದಕ್ಕೆ ಪಾಲಿಸಿ ಅಂಟಿಸಲು ಬರುವುದಿಲ್ಲ. ಅವಸರದಲ್ಲಿ ಸೇರಿಸಿದ ಕಂಪ್ಯೂಟರುಗಳು ವರ್ಷಗಟ್ಟಲೆ ಅಲ್ಲೇ ಕೊಳೆಯುತ್ತವೆ. ಹೊಸ ಕಂಪ್ಯೂಟರುಗಳು ನಾವು ಹೇಳಿದ ಓಯುಗೇ ಹೋಗುವ ಹಾಗೆ ಮೊದಲ ದಿನವೇ ಬದಲಿಸಿಡಬೇಕು. ಇನ್ನೊಂದು ಗುಟ್ಟು: ಏನೂ ಬದಲಿಸದೆ ಬಿಟ್ಟರೆ ಡೊಮೇನಿನ ಯಾವ ಸಾಮಾನ್ಯ ಖಾತೆಯವರೂ 10 ಕಂಪ್ಯೂಟರುಗಳವರೆಗೆ ಡೊಮೇನಿಗೆ ಸೇರಿಸಬಹುದು. ಯಾವ ಅನುಮತಿಯೂ ಬೇಡ. ವಿದ್ಯಾರ್ಥಿ ತನ್ನ ಸ್ವಂತ ಲ್ಯಾಪ್‌ಟಾಪನ್ನೂ ಸೇರಿಸಬಹುದು. ಈ 10 ಅನ್ನು ಸೊನ್ನೆ ಮಾಡುವುದು ಒಂದು ನಿಮಿಷದ ಕೆಲಸ.

ಎರಡು ಮರ ಬೇರೆ ಇಟ್ಟದ್ದರ ಲಾಭ ಕಾಣುವುದು ಪಾಲಿಸಿಯಲ್ಲಿ. ಪಾಲಿಸಿಗೆ ಎರಡು ಭಾಗ. ಒಂದು ಕಂಪ್ಯೂಟರಿಗೆ ಅನ್ವಯ, ಆನ್ ಆದಾಗ ಬರುತ್ತದೆ. ಇನ್ನೊಂದು ಮನುಷ್ಯನಿಗೆ ಅನ್ವಯ, ಲಾಗಿನ್ ಆದಾಗ ಬರುತ್ತದೆ. ಆಮೇಲೆ ಸುಮಾರು 90 ನಿಮಿಷಕ್ಕೊಮ್ಮೆ ಎರಡೂ ಹೊಸದಾಗುತ್ತವೆ. ಎಲ್ಲ ಕಂಪ್ಯೂಟರೂ ಒಂದೇ ಸಲ ಡಿಸಿ ಮೇಲೆ ಬೀಳದಿರಲಿ ಅಂತ ಅದಕ್ಕೆ ಅರ್ಧ ಗಂಟೆಯೊಳಗಿನ ಏರುಪೇರು ಸೇರಿಸಿರುತ್ತಾರೆ. ಮನುಷ್ಯನ ಪಾಲಿಸಿ ಅವನ ಹಿಂದೆಯೇ ಹೋಗುತ್ತದೆ. ಪ್ರೊಫೆಸರ್ ತಮ್ಮ ಕೋಣೆಯಲ್ಲಿ ಕೂತರೂ, ಲೈಬ್ರರಿಯಲ್ಲಿ ಕೂತರೂ ಅವರ ನೆಟ್‌ವರ್ಕ್ ಡ್ರೈವ್, ಅವರ ಪ್ರಿಂಟರ್ ಬರುತ್ತದೆ.

ಆದರೆ ಆನ್‌ಲೈನ್ ಪರೀಕ್ಷೆ ನಡೆಯುವ ಲ್ಯಾಬಿನಲ್ಲಿ? ಅಲ್ಲಿ ಯಾರೇ ಕೂತರೂ ಪರದೆ ಒಂದೇ ರೀತಿ ಇರಬೇಕು. ಪೆನ್‌ಡ್ರೈವ್ ಬಂದ್, ಕಂಟ್ರೋಲ್ ಪ್ಯಾನೆಲ್ ಬಂದ್, ಪರೀಕ್ಷೆಯ ಪುಟ ಬಿಟ್ಟು ಬೇರೆ ಇಲ್ಲ. ಪ್ರೊಫೆಸರ್ ಕೂತರೂ ಅಷ್ಟೇ. ಇಲ್ಲಿ ಮನುಷ್ಯನ ಪಾಲಿಸಿ ಅವನ ಹಿಂದೆ ಬಂದರೆ ತೊಂದರೆ. ಇದಕ್ಕಾಗಿ ಲೂಪ್‌ಬ್ಯಾಕ್ ಅನ್ನುವ ಒಂದು ಸೌಲಭ್ಯ ಇದೆ. ಅದನ್ನು ಆ ಲ್ಯಾಬಿನ ಕಂಪ್ಯೂಟರುಗಳ ಓಯುವಿಗೆ ಹಾಕಿದರೆ, ಕೂತವರು ಯಾರು ಅನ್ನುವುದನ್ನು ಬಿಟ್ಟು ಕೂತ ಜಾಗ ಯಾವುದು ಅಂತ ನೋಡಿ ಮನುಷ್ಯನ ಪಾಲಿಸಿಯೂ ತೀರ್ಮಾನವಾಗುತ್ತದೆ. ಅವನದನ್ನು ಪೂರ್ತಿ ತೆಗೆದು ಲ್ಯಾಬಿನದನ್ನು ಹಾಕಬಹುದು, ಇಲ್ಲವೇ ಎರಡನ್ನೂ ಸೇರಿಸಬಹುದು. ಪರೀಕ್ಷಾ ಲ್ಯಾಬಿಗೆ ಮೊದಲನೆಯದು. ಜನ ಮತ್ತು ಕಂಪ್ಯೂಟರನ್ನು ಒಂದೇ ವಿಭಾಗದ ಓಯುವಿನಲ್ಲಿ ಕಲಸಿಟ್ಟವರು ಇದನ್ನು ಮಾಡಲು ಹೋಗಿ, ಯಾವ ಪಾಲಿಸಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂರುತ್ತಾರೆ.

ಒಂದೇ ಊರಿನ ಹತ್ತು ಮಂಜುನಾಥರು

ಹೆಸರಿನ ವಿಚಾರ. ಡೊಮೇನಿನಲ್ಲಿ ಒಂದು ಲಾಗಿನ್ ಹೆಸರು ಒಬ್ಬರಿಗೆ ಮಾತ್ರ, ಅದೇ ಹೆಸರು ಇನ್ನೊಬ್ಬರಿಗೆ ಇಲ್ಲ. ನಮ್ಮ ಸೀಮೆಯಲ್ಲಿ ಮಂಜುನಾಥ, ಬಸವರಾಜ, ಕೊಟ್ರೇಶಿ ಎಷ್ಟು ಜನ! ಇನಿಷಿಯಲ್ ಒಬ್ಬರಿಗೆ ಮುಂದೆ, ಒಬ್ಬರಿಗೆ ಹಿಂದೆ. ಇಂಗ್ಲಿಷ್ ಸ್ಪೆಲ್ಲಿಂಗ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಹಳೆ ಪದ್ಧತಿಯ ಲಾಗಿನ್ ಹೆಸರಿಗೆ 20 ಅಕ್ಷರದ ಮಿತಿ ಬೇರೆ. ವಿದ್ಯಾರ್ಥಿಗಳಿಗೆ ರಿಜಿಸ್ಟರ್ ನಂಬರನ್ನೇ ಲಾಗಿನ್ ಮಾಡುವುದು ಸಲೀಸು. ಸಿಬ್ಬಂದಿಗೆ ಹೆಸರೇ ಇರಲಿ, ಡಿಕ್ಕಿ ಹೊಡೆದಾಗ ಏನು ಮಾಡಬೇಕು ಅಂತ ಮೊದಲೇ ಒಂದು ನಿಯಮ ಬರೆದಿಡಿ.

ಹೆಸರು ಬರೀ ಮೇಲಿನ ಚೀಟಿ. ಒಳಗೆ ಪ್ರತಿ ಖಾತೆಗೂ ಎಸ್‌ಐಡಿ ಅನ್ನುವ ಒಂದು ಗುರುತಿನ ಸಂಖ್ಯೆ ಇದೆ. ಅನುಮತಿಗಳೆಲ್ಲ ಆ ಸಂಖ್ಯೆಗೇ ಸೇರಿರುತ್ತವೆ. ಮದುವೆಯಾಗಿ ಇನಿಷಿಯಲ್ ಬದಲಾದರೆ ಖಾತೆಯ ಹೆಸರು ಬದಲಿಸಿ, ಸಂಖ್ಯೆ ಅದೇ ಉಳಿಯುತ್ತದೆ, ಫೈಲುಗಳೂ ಉಳಿಯುತ್ತವೆ. ಅದರ ಬದಲು ಹಳೆ ಖಾತೆ ಅಳಿಸಿ ಹೊಸ ಹೆಸರಲ್ಲಿ ತೆರೆದರೆ ಸಂಖ್ಯೆಯೇ ಬೇರೆ. ಡೊಮೇನಿನ ಕಣ್ಣಿಗೆ ಅವರು ಹೊಸಬರು, ಅವರದೇ ಫೋಲ್ಡರ್ ಅವರಿಗೆ ತೆರೆಯುವುದಿಲ್ಲ. ಅದೇ ಹೆಸರಲ್ಲಿ ತೆರೆದರೂ ಅಷ್ಟೇ. ಅಳಿಸುವ ಮೊದಲು ಎರಡು ಸಲ ಯೋಚಿಸಿ. ವಿಂಡೋಸ್ ಸರ್ವರ್ 2008 ಆರ್2ನಿಂದ ಅಳಿಸಿದ್ದನ್ನು ವಾಪಸ್ ತರುವ ರೀಸೈಕಲ್ ಬಿನ್ ಇದೆ, ಆದರೆ ಅದನ್ನು ನಾವೇ ಶುರು ಮಾಡಿಡಬೇಕು.

ಡೊಮೇನಿಗೆ ಇಡುವ ಹೆಸರಿನ ಬಗ್ಗೆಯೂ ಒಂದು ಮಾತು. ವಿಶ್ವವಿದ್ಯಾಲಯಗಳ ಎಸಿ.ಇನ್ ವಿಳಾಸಗಳನ್ನು ನೋಂದಾಯಿಸುವುದು ಅರ್ನೆಟ್ ಇಂಡಿಯಾ. ವೆಬ್‌ಸೈಟಿನ ಅದೇ ವಿಳಾಸವನ್ನು ಒಳಗಿನ ಡೊಮೇನಿಗೂ ಇಟ್ಟರೆ, ಒಳಗಿನ ಕಂಪ್ಯೂಟರುಗಳಿಗೆ ಸ್ವಂತ ವೆಬ್‌ಸೈಟೇ ಸಿಗದೆ ಪರದಾಟ ಆಗಬಹುದು. ಅದರ ಮುಂದೆ 'ಏಡಿ' (ಆ್ಯಕ್ಟಿವ್ ಡೈರೆಕ್ಟರಿಯ ಚಿಕ್ಕ ರೂಪ) ಅಂತ ಸೇರಿಸಿ ಒಂದು ಉಪವಿಳಾಸ ಮಾಡಿ. ಹಿಂದೆ ಎಲ್ಲರೂ ಇಡುತ್ತಿದ್ದ 'ಡಾಟ್ ಲೋಕಲ್' ಬೇಡ. 2013ರಿಂದ ಅದು ಬೇರೆ ಕೆಲಸಕ್ಕೆ ಮೀಸಲು, ಆ್ಯಪಲ್ ಕಂಪ್ಯೂಟರುಗಳ ಜೊತೆ ಜಗಳ ಬರುತ್ತದೆ. ದೃಶ್ಯಕಲೆಯಂಥ ವಿಭಾಗದಲ್ಲಿ ಒಂದೆರಡು ಮ್ಯಾಕ್ ಬಂದರೆ ಇದು ಬೇಗ ಗೊತ್ತಾಗುತ್ತದೆ.

ಚಿತ್ರದುರ್ಗದ ಲೈನ್ ಹೋದಾಗ

ಒಂದೇ ಡೊಮೇನ್ ಅಂದಾಗ ಏಳುವ ನ್ಯಾಯವಾದ ಆಕ್ಷೇಪ ಇದು. ಡಿಸಿ ತೋಳಹುಣಸೆಯಲ್ಲಿ, ಲ್ಯಾಬು ಜಿ.ಆರ್. ಹಳ್ಳಿಯಲ್ಲಿ. ಹೆದ್ದಾರಿ ಪಕ್ಕ ಯಾರೋ ಜೆಸಿಬಿ ಹಾಕಿ ಕೇಬಲ್ ಕಿತ್ತರೆ? ಈ ಹಿಂದೆ ಲಾಗಿನ್ ಆದವರಲ್ಲಿ ಕೊನೆಯ 10 ಜನರ ಗುರುತನ್ನು ಕಂಪ್ಯೂಟರ್ ಸಾಮಾನ್ಯವಾಗಿ ನೆನಪಿಟ್ಟುಕೊಂಡಿರುತ್ತದೆ. ಅವರು ಒಳಗೆ ಹೋಗಬಹುದು. ಹೊಸಬರಿಗೆ ಬಾಗಿಲು ಮುಚ್ಚಿದ ಹಾಗೇ. ಕಚೇರಿಗೆ ಇದು ನಡೆಯುತ್ತದೆ, ಲ್ಯಾಬಿಗೆ ಸಾಲದು.

ಪರಿಹಾರ ಬೇರೆ ಡೊಮೇನ್ ಅಲ್ಲ, ಅಲ್ಲೊಂದು ಡಿಸಿ. ಡೊಮೇನ್ ಒಂದೇ, ಸೈಟ್ (ಅಂದರೆ ಜಾಗ) ಎರಡು. ಯಾವ ಐಪಿ ವಿಳಾಸಗಳು ಯಾವ ಸೈಟಿಗೆ ಸೇರಿದ್ದು ಅಂತ ಬರೆದಿಟ್ಟರೆ ಚಿತ್ರದುರ್ಗದ ಕಂಪ್ಯೂಟರ್ ತನಗೆ ಹತ್ತಿರದ ಡಿಸಿಯನ್ನೇ ಹುಡುಕಿಕೊಳ್ಳುತ್ತದೆ. ಬರೆಯಲು ಮರೆತರೆ ಪಕ್ಕದ ಕೋಣೆಯಲ್ಲಿ ಡಿಸಿ ಇದ್ದರೂ ದಾವಣಗೆರೆಗೆ ಹೋಗಿ ಕೇಳಿಕೊಂಡು ಬರಬಹುದು, ಲಾಗಿನ್ ಆಗಲು ಚಹಾ ಕುಡಿದು ಬರುವಷ್ಟು ಹೊತ್ತು. ಸರ್ವರ್ ಇಡುವ ಕೋಣೆಗೆ ಗಟ್ಟಿ ಬೀಗ ಇಲ್ಲದಿದ್ದರೆ ಓದಲು ಮಾತ್ರ ಬರುವ ಡಿಸಿ ಇಡಬಹುದು. ಅದೂ 2008ರಲ್ಲಿ ಬಂದದ್ದು. ಅದರಲ್ಲಿ ನಾವು ಒಪ್ಪಿದವರ ಪಾಸ್‌ವರ್ಡ್ ಗುರುತು ಮಾತ್ರ ಇರುತ್ತದೆ. ಯಾರಾದರೂ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೆ ಅಷ್ಟು ಜನರ ಪಾಸ್‌ವರ್ಡ್ ಬದಲಿಸಿದರೆ ಸಾಕು.

ಸೈಟ್ ಎರಡಾದಾಗ ಒಂದು ವಿಷಯ ತಲೆಯಲ್ಲಿರಲಿ. ಎರಡು ಸೈಟಿನ ನಡುವೆ ಪುಸ್ತಕದ ಬದಲಾವಣೆ ಹೋಗುವುದು, ನಾವು ಮುಟ್ಟದಿದ್ದರೆ, 180 ನಿಮಿಷಕ್ಕೊಮ್ಮೆ. ಅಡ್ಮಿಷನ್ ದಿನ ದಾವಣಗೆರೆಯಲ್ಲಿ ಗುಮಾಸ್ತರು ಖಾತೆ ತೆರೆದು "ಆಯ್ತಮ್ಮ, ಹೋಗಿ ಲಾಗಿನ್ ಆಗು" ಅಂತಾರೆ. ಚಿತ್ರದುರ್ಗದ ಕಂಪ್ಯೂಟರ್ ಅಂಥವರು ಯಾರೂ ಇಲ್ಲ ಅನ್ನುತ್ತದೆ. ಯಾರ ತಪ್ಪೂ ಇಲ್ಲ. ಇದನ್ನು 15 ನಿಮಿಷಕ್ಕೆ ಇಳಿಸಬಹುದು, ಇಳಿಸಿ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಅನ್ನುವವರಿಗೆ: 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4.0 ಅನ್ನುವ ಉಚಿತ ತಂತ್ರಾಂಶದಿಂದ ಲಿನಕ್ಸ್ ಸರ್ವರನ್ನೇ ಡಿಸಿ ಮಾಡಬಹುದು, ಲೈಸೆನ್ಸ್ ಖರ್ಚಿಲ್ಲ. ಅದನ್ನು ನೋಡಿಕೊಳ್ಳುವ ತಿಳಿವಳಿಕೆ ಇರುವವರು ಬೇಕು, ಅಷ್ಟೇ. ಎಂಸಿಎ ಲ್ಯಾಬಿನ ಉಬುಂಟು ಕಂಪ್ಯೂಟರುಗಳೂ ಇದೇ ಡೊಮೇನಿಗೆ ಸೇರುತ್ತವೆ. ಕ್ಯಾಂಪಸ್ ವೈಫೈಗೂ ಇದೇ ಖಾತೆ ಬಳಸಬಹುದು. ವಿದ್ಯಾರ್ಥಿಗಳು ಪರೀಕ್ಷೆಗೆ ಬಳಸುವ ಯುಯುಸಿಎಂಎಸ್ ಆನ್‌ಲೈನ್ ವ್ಯವಸ್ಥೆ ಮಾತ್ರ ಸರ್ಕಾರದ್ದು, ಅದರ ಪಾಸ್‌ವರ್ಡ್ ಬೇರೆ. ಲ್ಯಾಬಿನವರನ್ನು ಅದಕ್ಕಾಗಿ ಪೀಡಿಸಿ ಪ್ರಯೋಜನ ಇಲ್ಲ.

ಕೊನೆಗೆ ಗುಡಿಸುವ ಕೆಲಸ. ಅತಿಥಿ ಉಪನ್ಯಾಸಕರ ಖಾತೆಗೆ ತೆರೆಯುವಾಗಲೇ ಮುಗಿಯುವ ತಾರೀಖು ಹಾಕಿ, ಮುಂದುವರಿದರೆ ಮುಂದೂಡಿ. ಕೋರ್ಸ್ ಮುಗಿಸಿದ ಬ್ಯಾಚನ್ನು ಮೊದಲು ನಿಷ್ಕ್ರಿಯ ಮಾಡಿ, ಮಾರ್ಕ್ಸ್‌ಕಾರ್ಡ್ ತಕರಾರು ಎಲ್ಲ ಮುಗಿದ ಮೇಲೆ ಅಳಿಸಿ. ಕಂಪ್ಯೂಟರುಗಳದ್ದು ಇನ್ನೂ ಸುಲಭ. ಅವು 30 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುತ್ತವೆ ಅಂದೆವಲ್ಲ, ಆ ತಾರೀಖು ಪುಸ್ತಕದಲ್ಲಿ ಇರುತ್ತದೆ. ಮೂರು ತಿಂಗಳಿಂದ ಬದಲಾಗಿಲ್ಲ ಅಂದರೆ ಆ ಕಂಪ್ಯೂಟರ್ ಗುಜರಿಗೆ ಹೋಗಿರಬೇಕು, ಇಲ್ಲವೇ ಯಾವುದೋ ಬೀರುವಿನ ಮೇಲೆ ಕೂತಿರಬೇಕು. ಫ್ರೀಜ್ ಮಾಡಿದ ಲ್ಯಾಬುಗಳನ್ನು ಬಿಟ್ಟು ಉಳಿದವುಗಳ ಪಟ್ಟಿ ತೆಗೆದು ನಿಷ್ಕ್ರಿಯ ಮಾಡಿ. ಯಾರಾದರೂ ಫೋನ್ ಮಾಡಿದರೆ ಮತ್ತೆ ಸಕ್ರಿಯ ಮಾಡಬಹುದು.